ಏನೂ ಆಗುವುದಿಲ್ಲ ಎಂದವರು

ಆಫೀಸರ್ ಮಾವ ತೀರಿಕೊಂಡ ದಿನ ಅಂಗಳದಲ್ಲಿ ನಿಂತಿದ್ದ ಹಿರಿಯರೊಬ್ಬರು, ಸಾವಿನ ಮನೆಯಲ್ಲಿ ಏನಾದರೂ ಹೇಳಲೇಬೇಕಲ್ಲ ಎಂಬ ಕಷ್ಟಕ್ಕೆ, “ಮಣ್ಣಿನ ಮನುಷ್ಯ, ಮಣ್ಣಿಗೇ ಸೇರಿದರು” ಎಂದರು. ತೀರಿಕೊಂಡವರಿಗೆ ಕೇಳಿಸಿದ್ದರೆ “ಯಾವ ಮಣ್ಣು? ಮೇಲಿನ ಕೆಂಪೋ, ಅಡಿಯ ಜೇಡಿಯೋ? ಸರಿಯಾಗಿ ಹೇಳಿ” ಎಂದು ಆ ಹಿರಿಯರ ಬಾಯಿ ಮುಚ್ಚಿಸುತ್ತಿದ್ದರು. ಇದು ನೆನಪಾಗಿ ನನಗೆ ನಗು ಬಂತು. ಸಾವಿನ ಮನೆಯಲ್ಲಿ ನಗು ಬಂದರೆ ಕೆಮ್ಮಬೇಕು, ನಾನು ಕೆಮ್ಮಿದೆ. ಪಕ್ಕದಲ್ಲಿದ್ದ ಇಬ್ಬರೂ ಕೆಮ್ಮಿದರು. ಮಾವ ಊರಿಗೆ ಬಂದಂದಿನಿಂದ ನಾವೆಲ್ಲ ಹೀಗೆ ಕೆಮ್ಮಿಕೊಂಡೇ ಅವರ ಜೊತೆ ಬಾಳಿದವರು.

ಊರು ಅವರನ್ನು ಆಫೀಸರ್ ಮಾವ ಎಂದು ಕರೆಯುತ್ತಿತ್ತು. ಯಾವ ಆಫೀಸು ಎಂದು ಕೇಳಿದರೆ ಅರ್ಧ ಊರಿಗೆ ಗೊತ್ತಿರಲಿಲ್ಲ. ಖನಿಜ ಹುಡುಕುವ ಸರ್ಕಾರಿ ಇಲಾಖೆಯೊಂದರಲ್ಲಿ ಭೂವಿಜ್ಞಾನಿಯಾಗಿದ್ದವರು. ಸರ್ವೀಸಿನ ಬಹುಪಾಲು ವರ್ಷಗಳನ್ನು ಹೊರರಾಜ್ಯದ ಕಡಲ ತೀರದಲ್ಲಿ ಮರಳು ಜಾಲಿಸುತ್ತ ಕಳೆದವರು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ “ಫೀಲ್ಡ್‌ನಲ್ಲಿದ್ದೆ” ಎನ್ನುತ್ತಿದ್ದರು, ಬಸ್ಸು ತಪ್ಪಿದ್ದಕ್ಕೆ ಕಾರಣ ಹೇಳುವವರ ಹಾಗೆ. ನಿವೃತ್ತರಾದ ಮೇಲೆ ಮಡಿಕೇರಿ ಹತ್ತಿರದ ಗಾಳಿಬೀಡಿನಿಂದ ಮೇಲಕ್ಕೆ ಹತ್ತುವ ನಮ್ಮ ಊರಿಗೆ ಬಂದು, ಗಂಡನನ್ನು ಕಳೆದುಕೊಂಡಿದ್ದ ಅಕ್ಕನ ಮನೆಯ ಪಕ್ಕದ ಎರಡು ಕೋಣೆಗಳಲ್ಲಿ ನೆಲೆಸಿದರು. ನನ್ನ ಮನೆ ಬೇಲಿಯಾಚೆ. ನಾನು ಸೋಮವಾರಪೇಟೆ ಕಡೆಯವನು. ಇಲ್ಲಿನ ಶಾಲೆಗೆ ಸಮಾಜ ವಿಜ್ಞಾನ ಹೇಳಲು ಬಂದು ಇಲ್ಲೇ ಬೇರು ಬಿಟ್ಟವನು. ಆ ಅಕ್ಕ, ತಮ್ಮ ಇಬ್ಬರೂ ಮಾತಾಡುವ ಅರೆಭಾಷೆ ನನ್ನ ನಾಲಿಗೆಗೆ ಇನ್ನೂ ಒಗ್ಗಿಲ್ಲ. ಕಿವಿಗೆ ಬಿದ್ದ ಹಾಗೆ ಬರೆಯುತ್ತೇನೆ, ತಪ್ಪಿದ್ದರೆ ಅಕ್ಕ ಬೈದು ತಿದ್ದುತ್ತಾರೆ.

ಅವರ ಕೊರಳಲ್ಲಿ ಸದಾ ದಾರಕ್ಕೆ ಕಟ್ಟಿದ ಒಂದು ಪುಟ್ಟ ಭೂತಗನ್ನಡಿ ಇರುತ್ತಿತ್ತು. ಸ್ನಾನಕ್ಕೆ ಹೋಗುವಾಗ ಮಾತ್ರ ಅದನ್ನು ಗೂಟಕ್ಕೆ ಸಿಕ್ಕಿಸುತ್ತಿದ್ದರು. ಒಮ್ಮೆ ಮಡಿಕೇರಿಯ ಒಂದು ಮದುವೆಯೂಟದಲ್ಲಿ ಅವರ ಹಲ್ಲಿಗೆ ಕಲ್ಲು ಸಿಕ್ಕಿತು. ನಾವಾಗಿದ್ದರೆ ಉಗಿದು ಸುಮ್ಮನಾಗುತ್ತಿದ್ದೆವು, ಇಲ್ಲವೇ ಅಡುಗೆಯವನನ್ನು ಬೈಯುತ್ತಿದ್ದೆವು. ಅವರು ಆ ಕಲ್ಲನ್ನು ತೊಳೆದು, ಭೂತಗನ್ನಡಿ ಹಿಡಿದು, ಪಂಕ್ತಿಯೆಲ್ಲ ಏಳುವ ತನಕ ನೋಡಿ, “ಹೊಳೆಯದ್ದು. ತುಂಬ ದೂರ ಉರುಳಿಕೊಂಡು ಬಂದಿದೆ ಪಾಪ” ಎಂದರು. ಮದುಮಗಳ ಅಪ್ಪ ಓಡಿಬಂದು ಕೈ ಮುಗಿದು ಕ್ಷಮೆ ಕೇಳಿದರೆ, “ಇಲ್ಲ ಇಲ್ಲ, ಕಲ್ಲು ಒಳ್ಳೇದೇ ಉಂಟು” ಎಂದು ಸಮಾಧಾನ ಹೇಳಿದರು. ಹಂದಿ ಮಾಂಸದ ಪಂದಿಕರಿ ಹೇಗಿತ್ತು ಎಂದು ದಾರಿಯಲ್ಲಿ ಕೇಳಿದೆ. ಅದು ಅವರ ನೆನಪಿನಲ್ಲೇ ಇರಲಿಲ್ಲ.

ಅವರು ಇಡೀ ಸರ್ವೀಸಿನಲ್ಲಿ ಹುಡುಕಿದ್ದು ಪೇಪರಿನವರು ವಿರಳ ಖನಿಜ ಎಂದು ಬರೆಯುವ ವಸ್ತುವನ್ನು. ಅವರ ಬಾಯಲ್ಲಿ ಅದು ರೇರ್ ಅರ್ತ್. ಹೆಸರು ಕೇಳಿದರೇ ಅವರಿಗೆ ಸಿಟ್ಟು.

“ವಿರಳ ಎಂತದೂ ಅಲ್ಲ ಮಾಷ್ಟ್ರೇ. ಎಲ್ಲಾ ಕಡೆ ಉಂಟು, ಚಿಟಿಕೆ ಚಿಟಿಕೆ. ಒಂದು ಚಿಟಿಕೆ ಬೇಕು ಅಂದ್ರೆ ಒಂದು ಗುಡ್ಡ ತೊಳೀಬೇಕು, ಅಷ್ಟೇ. ವಿರಳ ಅಂದ್ರೆ ಯಾವ್ದು ಗೊತ್ತಾ? ತೊಳೀರಿ ಅಂತ ಬಿಟ್ಟುಕೊಡೋ ಊರು.”

“ತೊಳೆದ ನೀರು ಎಲ್ಲಿಗೆ ಹೋಗುತ್ತೆ ಸಾರ್?”

“ಕೆಳಗೆ.”

“ಕೆಳಗೆ ಅಂದ್ರೆ?”

“ಅದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ.”

ಇದನ್ನು ಅವರು ತಮಾಷೆಗೆ ಹೇಳುತ್ತಿರಲಿಲ್ಲ. ಗುಡ್ಡ ಅಗೆಯುವವರು ಒಬ್ಬರು, ತೊಳೆಯುವವರು ಇನ್ನೊಬ್ಬರು, ಆಸಿಡ್ ಹಾಕಿ ಬೇರ್ಪಡಿಸುವವರು ಮತ್ತೊಬ್ಬರು, ಉಳಿದ ಕೆಸರನ್ನು ಕಾಯುವವರು ಯಾರೂ ಇಲ್ಲ. ಆ ಕೆಸರಿನಲ್ಲಿ ಥೋರಿಯಂ ಎಂಬ ವಿಕಿರಣದ ವಸ್ತು ಇರುತ್ತದೆ ಎಂಬುದನ್ನೂ ಅವರೇ ನನಗೆ ಹೇಳಿದ್ದು, ಅದೂ ಅಡುಗೆಯಲ್ಲಿ ಉಪ್ಪು ಸ್ವಲ್ಪ ಮುಂದಾಗಿದೆ ಎನ್ನುವಷ್ಟು ಹಗುರವಾಗಿ.

ನಾನೊಂದು ಎಲೆಕ್ಟ್ರಿಕ್ ಸ್ಕೂಟರ್ ಕೊಂಡೆ. ಗಾಳಿಬೀಡಿನ ಏರಿನಲ್ಲಿ ಅದು ಅರ್ಧದಾರಿಗೇ ಏದುಸಿರು ಬಿಡುತ್ತಿತ್ತು, ಆದರೂ ಪರಿಸರಕ್ಕೆ ನನ್ನಿಂದ ಇಷ್ಟಾದರೂ ಆಯಿತಲ್ಲ ಎಂಬ ಹೆಮ್ಮೆ. ಅವರಿಗೆ ತೋರಿಸಿದೆ. ಸುತ್ತಲೂ ನಡೆದು, ಹಿಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕುಳಿತು, ಮೋಟಾರಿನ ಮೇಲೆ ಕೈಯಾಡಿಸಿದರು. “ಇದರೊಳಗೆ ಮ್ಯಾಗ್ನೆಟ್ ಉಂಟು. ಮ್ಯಾಗ್ನೆಟ್ ಒಳಗೆ ನಮ್ಮದು ಉಂಟು” ಎಂದು ಮೊಮ್ಮಗನ ತಲೆ ಸವರುವವರ ಹಾಗೆ ಸವರಿದರು.

“ಹೊಗೆಯೇ ಇಲ್ಲ ಸಾರ್” ಎಂದೆ.

“ಇಲ್ಲ ಅಂತ ಯಾಕೆ ಹೇಳ್ತೀರಿ. ಬೇರೆ ಊರಲ್ಲಿ ಉಂಟು.”

ಆಮೇಲೆ ನನಗೆ ಆ ಸ್ಕೂಟರಿನ ಮೇಲೆ ಕೂತಾಗಲೆಲ್ಲ ಒಂದು ಬಗೆಯ ಕಿರಿಕಿರಿ. ಹಾಗಂತ ಮಾರಲಿಲ್ಲ. ಪೆಟ್ರೋಲು ಬೆಲೆ ನೋಡಿ ಕಿರಿಕಿರಿ ತಡೆದುಕೊಂಡೆ.

ಕಡಲ ತೀರದ ದಿನಗಳ ಬಗ್ಗೆ ಅವರಿಗಿದ್ದ ಅಭಿಮಾನ ಸಣ್ಣದಲ್ಲ. ಮರಳು ತೆಗೆಯುವ ಮುಂಚೆ ಊರಿನವರನ್ನು ಕೂಡಿಸಿ ಮಾತಾಡುವ ಕೆಲಸ ಇವರದ್ದು, ಯಾಕೆಂದರೆ ಉಳಿದ ಆಫೀಸರುಗಳು ಮಾತಾಡಿದರೆ ಜಗಳವಾಗುತ್ತಿತ್ತು, ಇವರು ಮಾತಾಡಿದರೆ ಚಹಾ ಬರುತ್ತಿತ್ತು. ಅವರ ಭಾಷಣ ಮೂರೇ ವಾಕ್ಯದ್ದು. ಇದು ಬರೀ ಪರೀಕ್ಷೆ. ಏನೂ ಆಗುವುದಿಲ್ಲ. ಆದರೂ ಪರಿಹಾರ ಇದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದನ್ನು ಅವರು ಪಾಠದಂತೆ ಹೇಳಿಕೊಡುತ್ತಿದ್ದರಂತೆ. “ಎರಡನೇದು ಹೇಳಿದ ಮೇಲೆ ನಿಲ್ಲಬೇಕು ಮಾಷ್ಟ್ರೇ. ಜನಕ್ಕೆ ನಂಬಕ್ಕೆ ಸ್ವಲ್ಪ ಹೊತ್ತು ಬೇಕು. ಗಡಿಬಿಡಿ ಮಾಡಿ ಮೂರನೇದು ಹೇಳಿದ್ರೆ ಎರಡನೇದರ ಮೇಲೆ ಅನುಮಾನ ಬರ್ತದೆ.” ಶಾಲೆಯಲ್ಲಿ ಇಷ್ಟು ವರ್ಷ ಪಾಠ ಮಾಡಿದ ನನಗೆ ಇಂಥ ಸೂಕ್ಷ್ಮ ಯಾರೂ ಹೇಳಿಕೊಟ್ಟಿರಲಿಲ್ಲ.

ದೇವರ ವಿಷಯದಲ್ಲಿ ಅವರು ನಾಸ್ತಿಕರು. ನಮ್ಮ ಊರಿನ ತಲೆಯ ಮೇಲೆ ಒಂದು ದೇವರಕಾಡು ಇದೆ. ಅದರೊಳಗೆ ಚಪ್ಪಲಿ ಹಾಕಿ ಹೋಗುವಂತಿಲ್ಲ, ಕತ್ತಿ ಒಯ್ಯುವಂತಿಲ್ಲ, ಒಳಗಿನ ಒಂದು ಎಲೆಯನ್ನೂ ಹೊರಗೆ ತರುವಂತಿಲ್ಲ. ಹಬ್ಬದ ದಿನ ಹೊರಗೆ ಬರುವಾಗ ಗಡಿಕಲ್ಲಿನ ಹತ್ತಿರ ನಿಂತು ಪಾದಕ್ಕೆ ಅಂಟಿದ ಮಣ್ಣನ್ನೂ ಒಳಗಡೆಗೇ ಉಜ್ಜಿ ಬರಬೇಕು. ಆ ಕಾಡಿನ ಹೊಟ್ಟೆಯಿಂದ ಹೊರಡುವ ಒರತೆಯೇ ಊರಿನ ಕುಡಿಯುವ ನೀರು. ಕಪ್ಪು ಪೈಪುಗಳಲ್ಲಿ ಅದು ಮನೆಮನೆಗೆ ಇಳಿಯುತ್ತದೆ, ಮೊದಲನೆಯ ಪೈಪು ಅವರ ಅಕ್ಕನದ್ದು. ಆಫೀಸರ್ ಮಾವ ಆ ಕಾಡನ್ನು ಜಿಗಣೆಗಳ ಮೀಸಲು ಅರಣ್ಯ ಎನ್ನುತ್ತಿದ್ದರು. ಅಕ್ಕನ ಕಣ್ಣಿಗೆ ಹೆದರಿ ವರ್ಷಕ್ಕೊಮ್ಮೆ ಹೋಗುತ್ತಿದ್ದರು. ಗಡಿಕಲ್ಲಿನ ಹತ್ತಿರ ಕಾಲು ಉಜ್ಜುವಾಗ ಮಾತ್ರ ಅವರಷ್ಟು ಶ್ರದ್ಧೆಯಿಂದ ಉಜ್ಜುವವರನ್ನು ನಾನು ಕಂಡಿಲ್ಲ. ಬೆರಳ ಸಂದಿಯನ್ನೂ ಬಿಡುತ್ತಿರಲಿಲ್ಲ. ಕೇಳಿದರೆ, “ಒಂದು ಜಾಗದ ಮಣ್ಣು ಇನ್ನೊಂದು ಜಾಗಕ್ಕೆ ಸೇರಬಾರದು. ಇದು ಭಕ್ತಿ ಅಲ್ಲ, ಶಿಸ್ತು” ಎನ್ನುತ್ತಿದ್ದರು.

ಕೆಲವು ವರ್ಷದ ಹಿಂದಿನ ಆ ಕೆಟ್ಟ ಮಳೆಗೆ ಗುಡ್ಡ ಜರಿಯಿತು. ನಮ್ಮ ಸುತ್ತಿನ ಎಷ್ಟೋ ಊರುಗಳಿಗೆ ಆದದ್ದು ನಮಗೂ ಆಯಿತು. ಅಕ್ಕನ ಮೆಣಸಿನ ಬಳ್ಳಿಗಳ ಒಂದು ಮಗ್ಗುಲು ಮರಗಳ ಸಮೇತ ಕೆಳಗಿಳಿಯಿತು. ದೇವರಕಾಡು ನಿಂತಿತು, ಒರತೆ ಉಳಿಯಿತು. ಜರಿದ ಜಾಗದಲ್ಲಿ ಗುಡ್ಡದ ಒಳಗು ಕೆಂಪಗೆ ತೆರೆದುಕೊಂಡಿತು, ಮತ್ತು ಅದನ್ನು ನೋಡಲು ಮೊದಲು ಮಂತ್ರಿಗಳು, ಆಮೇಲೆ ಟೂರಿಸ್ಟುಗಳು ಬಂದರು, ಕೊನೆಗೆ ಒಂದು ಬಿಳಿ ಜೀಪು ಬಂತು. ಜೀಪು ನಮ್ಮ ಏರಿನಲ್ಲಿ ಕೆಸರಿಗೆ ಹೂತುಹೋಯಿತು. ನಮ್ಮವರು ಹಗ್ಗ ಕಟ್ಟಿ, ಹಲಗೆ ಕೊಟ್ಟು, ಮೈಕೈಯೆಲ್ಲ ಕೆಸರು ಮಾಡಿಕೊಂಡು ಎಳೆದು ಮೇಲೆ ತಂದರು. ಆಮೇಲೆ, ಕೈ ತೊಳೆಯುತ್ತ, ಯಾರು ಏನು ಎಂದು ಕೇಳಿದರು. ವಿರಳ ಖನಿಜದ ಸರ್ವೆಯವರು. ನಮ್ಮ ಊರಿನ ಅತಿಥಿ ಸತ್ಕಾರಕ್ಕೆ ವಿಚಾರಣೆ ಯಾವಾಗಲೂ ಎರಡನೆಯದು.

ಸುದ್ದಿ ಹಬ್ಬಿತು. ಹುಡುಗರು ಗುಡ್ಡ ಉಳಿಸಿ ಎಂದು ವಾಟ್ಸ್ಆ್ಯಪ್ ಗುಂಪು ಮಾಡಿದರು. ಹೋಂಸ್ಟೇ ನಡೆಸುವವನೊಬ್ಬ ಆ ಗುಂಪಿನ ಅಡ್ಮಿನ್ ಆದ. ಆಫೀಸರುಗಳಿಗೆ ರೂಮು ಬೇಕಾದೀತು ಎಂದು ಅದೇ ವಾರ ಗೋಡೆಗೆ ಬಣ್ಣವನ್ನೂ ಹೊಡೆಸಿದ. ಆಫೀಸರ್ ಮಾವ ಗುಂಪಿನ ಸಂದೇಶಗಳನ್ನು ನನ್ನ ಫೋನಿನಲ್ಲಿ ಓದಿ, “ಇದು ಬಂದಾಗೆಲ್ಲ ಫೋನು ನಡುಗ್ತದಲ್ಲ, ಅದರೊಳಗೂ ಅದೇ ಮ್ಯಾಗ್ನೆಟ್” ಎಂದು ವಾಪಸು ಕೊಟ್ಟರು. ಆದರೆ ನಗಲಿಲ್ಲ.

ಶಾಲೆಯ ಜಗಲಿಯಲ್ಲಿ ಮೀಟಿಂಗು ಆಯಿತು. ಊರೆಲ್ಲ ಇವರನ್ನೇ ನಂಬಿತ್ತು. ನಮ್ಮ ಕಡೆಗೂ ಒಬ್ಬ ಆಫೀಸರು ಇದ್ದಾರೆ, ಅವರ ಲೆಕ್ಕ ಅವರ ಭಾಷೆಯಲ್ಲೇ ಕೇಳುತ್ತಾರೆ ಎಂದು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು. ಅವರೂ ಇಸ್ತ್ರಿ ಮಾಡಿದ ಷರಟು ಹಾಕಿ ತಯಾರಾಗಿ ಬಂದಿದ್ದರು. ಜೀಪಿನಿಂದ ಇಳಿದ ತಂಡದ ಮುಖ್ಯಸ್ಥೆ ಹಾಸನದ ಕಡೆಯ ಹುಡುಗಿ. ಬಂದವಳೇ ಇವರನ್ನು ಕಂಡು ಬೆಚ್ಚಿ, “ಸರ್, ನೀವಾ!” ಎಂದು ಕಾಲಿಗೆ ಬಗ್ಗಿದಳು. ಇವರ ಕೊನೆಯ ವರ್ಷಗಳಲ್ಲಿ ಇವರ ಕೈ ಕೆಳಗೆ ಕೆಲಸ ಕಲಿತವಳು. ಊರು ಮುಖ ಮುಖ ನೋಡಿಕೊಂಡಿತು.

ಅವಳು ಮಾತು ಶುರು ಮಾಡಿದಳು. ಗುರುಗಳ ಎದುರು ನಿಂತ ಗಾಬರಿಗೆ ಒಂದೇ ಉಸಿರಿನಲ್ಲಿ, “ಇದು ಬರೀ ಪರೀಕ್ಷೆ ಏನೂ ಆಗುವುದಿಲ್ಲ ಆದರೂ ಪರಿಹಾರ ಇದೆ” ಎಂದುಬಿಟ್ಟಳು.

ಮುಂದಿನ ಸಾಲಿನಿಂದ ಆಫೀಸರ್ ಮಾವ ಕೈ ಎತ್ತಿದರು. ಈಗ ನೋಡು ಎಂದು ನನ್ನ ಪಕ್ಕದವನು ನನ್ನ ತೊಡೆ ಹಿಂಡಿದ.

“ನಿಲ್ಲಮ್ಮ. ಎರಡನೇದಾದ್ಮೇಲೆ ನಿಲ್ಲಬೇಕು ಅಂತ ಹೇಳಿರಲಿಲ್ವಾ? ಜನಕ್ಕೆ ಅರಗಬೇಕು. ಇನ್ನೊಂದ್ಸಲ ಹೇಳು.”

ಹುಡುಗಿ ಇನ್ನೊಂದು ಸಲ ಹೇಳಿದಳು. ಸರಿಯಾಗಿ ನಿಂತು ಹೇಳಿದಳು. ಅವರು ತಲೆ ಆಡಿಸಿದರು. ಅದಾದ ಮೇಲೆಯೇ ಅವರಿಗೆ ತಾವು ಎಲ್ಲಿ ಕುಳಿತಿದ್ದೇವೆ ಎಂಬುದು ಹೊಳೆದದ್ದು. ಕಿವಿಯ ತುದಿ ಕೆಂಪಾಯಿತು. ಹಿಂದಿನಿಂದ ಯಾರೋ, “ಓಹೋ, ಮಂತ್ರ ಇವರದ್ದೇ!” ಎಂದರು. ನಗು ಬರಬೇಕಿತ್ತು, ಯಾರೂ ನಗಲಿಲ್ಲ. ಕೆಮ್ಮಲೂ ಇಲ್ಲ.

ಅಲ್ಲಿಂದ ಮುಂದೆ ಅವರು ಅಂಗಡಿ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ಮಾವ ಎಂಬ ಪದ ಉದುರಿ ಬರೀ ಆಫೀಸರು ಉಳಿಯಿತು. ಬೇಲಿಯಾಚೆಯಿಂದ ನನ್ನನ್ನು ಕರೆದು, “ನಾನು ಅವರ ಕಡೆ ಅಲ್ಲ ಮಾಷ್ಟ್ರೇ” ಎಂದರು. “ಗೊತ್ತು ಸಾರ್” ಎಂದೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಸರ್ವೆಯವರು ಒರತೆಯ ಬುಡದ ಮರಳು ಬೇಕೆಂದು ದೇವರಕಾಡಿನ ಗಡಿಗೆ ಬಂದ ದಿನ ಆಫೀಸರ್ ಮಾವನಿಗೆ ಊರಿನ ಕಡೆ ನಿಲ್ಲಲು ಒಂದು ದಾರಿ ಕಂಡಿತು. ದೇವರಕಾಡನ್ನು ತಲೆತಲಾಂತರದಿಂದ ನೋಡಿಕೊಳ್ಳುವ ಮನೆತನದ ತಕ್ಕರು ಗಡಿಕಲ್ಲಿನ ಹತ್ತಿರ ಅಡ್ಡ ನಿಂತಿದ್ದರು. ಆದರೆ ಅವರಿಗೆ ಆಫೀಸರುಗಳೆದುರು ಮಾತು ಹೊರಡುತ್ತಿರಲಿಲ್ಲ. ನಮ್ಮ ನಾಸ್ತಿಕರು ಗುಂಪನ್ನು ಸೀಳಿಕೊಂಡು ಮುಂದೆ ಬಂದರು. ಚಪ್ಪಲಿ ಕಳಚಿಟ್ಟರು.

“ಇಲ್ಲಿಂದ ಒಂದು ಹಿಡಿ ಮಣ್ಣೂ ಹೊರಗೆ ಹೋಗೋ ಹಾಗಿಲ್ಲ. ದೇವರ ಕಟ್ಟು.”

ತಕ್ಕರು ಬಾಯಿ ತೆರೆದು ಅವರನ್ನೇ ನೋಡಿದರು. ಹುಡುಗಿಯೂ ನೋಡಿದಳು. ಅವಳ ಮುಖದಲ್ಲಿ ಕುಚೋದ್ಯ ಇರಲಿಲ್ಲ, ಪಾಠ ಒಪ್ಪಿಸುವ ವಿದ್ಯಾರ್ಥಿಯ ಗೌರವ ಇತ್ತು.

“ಖಂಡಿತ ಸರ್. ನೀವೇ ಹೇಳಿಕೊಟ್ಟಿದ್ದೀರಲ್ಲ. ದೇವಸ್ಥಾನ, ಮಸೀದಿ, ಸ್ಮಶಾನ ಇದ್ದರೆ ಒಳಗೆ ಹೋಗಲೇಬಾರದು, ಜನರ ಜೊತೆ ಜಗಳ ಮಾಡಬಾರದು, ಕೆಳಗೆ ಹೋಗಿ ಕೂರಬೇಕು. ಒಳಗೆ ಇರುವುದನ್ನೆಲ್ಲ ನೀರೇ ತಂದು ಕೊಡುತ್ತದೆ ಅಂತ.”

ಅವಳು ಕೈ ಮುಗಿದು, ತಂಡವನ್ನು ಕರೆದುಕೊಂಡು, ಒರತೆಯಿಂದ ಹೊರಟ ಹಳ್ಳದ ಜೊತೆಗೇ ಇಳಿದು ಹೋದಳು. ದೇವರ ಕಟ್ಟು ಗಡಿಕಲ್ಲಿನ ತನಕ. ಹಳ್ಳ ಗಡಿಕಲ್ಲು ದಾಟಿ ಬರುವುದು ಕಟ್ಟು ಮಾಡಿದ ಹಿರಿಯರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಆ ನೀರು ಕುಡಿದೇ ಬದುಕಿದವರು ಅವರು. ಅದರ ಮರಳಿಗೂ ಒಬ್ಬರು ಬರುತ್ತಾರೆ ಎಂಬುದಷ್ಟೇ ಗೊತ್ತಿರಲಿಲ್ಲ.

ಹಳ್ಳ ಮೊದಲು ಸಮತಟ್ಟಾಗಿ ನಿಂತು ಮರಳು ಬಿಡುವ ಜಾಗ ಅವರ ಅಕ್ಕನ ಬಟ್ಟೆ ಒಗೆಯುವ ಕಲ್ಲು. ಆಫೀಸರ್ ಮಾವನೂ ನಾನೂ ಹಿಂದೆಯೇ ಇಳಿದೆವು. ಅಕ್ಕ ಅಲ್ಲೇ ಇದ್ದರು. ಹುಡುಗಿ, “ಅಮ್ಮ, ಒಂದು ಹಿಡಿ ಮರಳು ತಗೊಳ್ಳಲಾ?” ಎಂದು ಕೇಳಿದಳು. ನೆಂಟರು ಬಂದು ಮರಳು ಕೇಳಿದರೆ ಇಲ್ಲ ಎನ್ನುವುದಾದರೂ ಹೇಗೆ? ಅಕ್ಕ ಒಗೆಯುವುದನ್ನು ನಿಲ್ಲಿಸಿ ಜಾಗ ಬಿಟ್ಟುಕೊಟ್ಟರು. ಹುಡುಗಿ ಅಗಲವಾದ ತಟ್ಟೆಯಲ್ಲಿ ಮರಳು ತುಂಬಿ, ನೀರಿನಲ್ಲಿ ಅದ್ದಿ, ಅಕ್ಕಿ ಗಾಳಿಸುವ ಹಾಗೆ ತಿರುಗಿಸಿದಳು. ಹಗುರದ್ದೆಲ್ಲ ತೇಲಿಹೋಗಿ ತಟ್ಟೆಯ ಅಂಚಿನಲ್ಲಿ ಭಾರದ ಕಾಳುಗಳು ಒಂದು ಗೆರೆಯಾಗಿ ಉಳಿದವು. ಕಪ್ಪು, ಅದರ ಮಧ್ಯೆ ಕಂದುಹಳದಿ. ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು, “ಸರ್, ನೀವೇ ನೋಡಿ” ಎಂದು ಗುರುಗಳ ಮುಂದೆ ಚಾಚಿದಳು.

ಅವರು ಭೂತಗನ್ನಡಿ ಹಿಡಿದು ಬಗ್ಗಿದರು. ಬಗ್ಗಿದ ಮುಖ ಅರಳಿತು. ಇಡೀ ಜೀವನ ಬೇರೆಯವರ ಊರಿನಲ್ಲಿ ಹುಡುಕಿದ್ದು ತನ್ನ ಅಕ್ಕ ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಸಿಕ್ಕರೆ ಯಾರ ಮುಖವಾದರೂ ಅರಳುತ್ತದೆ. ಅಷ್ಟು ನಾಚಿಕೆಗೇಡಿನ, ಅಷ್ಟು ನಿಜವಾದ ಸಂತೋಷವನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ಒಂದು ಗಳಿಗೆ, ಅಷ್ಟೇ. ಆಮೇಲೆ ಅವರು ತಲೆ ಎತ್ತಿ ಅಕ್ಕನನ್ನು ನೋಡಿದರು. ಅಕ್ಕ ಅವರ ಮುಖವನ್ನೇ ನೋಡುತ್ತಿದ್ದರು.

ಜೀಪು ಹೋದ ಮೇಲೆ ಅಕ್ಕ ಕೇಳಿದರು. “ಎಂತ ಉಟ್ಟು ಅದ್ರಲ್ಲಿ?”

ಉಟ್ಟು ಎಂದರೆ ಅರೆಭಾಷೆಯಲ್ಲಿ ಉಂಟು. ಇಲ್ಲೆ ಎಂದರೆ ಇಲ್ಲ.

“ಎಂತದೂ ಇಲ್ಲೆ ಅಕ್ಕ. ಇದ್ದರೂ ಏನೂ ಆಗುದಿಲ್ಲೆ.”

ಅಕ್ಕ ಒದ್ದೆ ಸೀರೆಯನ್ನು ಹಿಂಡಿ, ಕೊಡವಿ, ಬುಟ್ಟಿಗೆ ಹಾಕಿದರು. ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಸುಮ್ಮನೆ ತಿಳಿದುಕೊಳ್ಳಲು ಕೇಳುವವರ ಹಾಗೆ ಕೇಳಿದರು.

“ನೀ ಹಿಂಗೆ ಹೇಳ್ದ ಊರುಗಳಿಗೆ ತಿರ್ಗಿ ಒಂದ್ಸಲ ಹೋಗಿ ನೋಡ್ದಿಯಾ?”

ಅವರು ಭೂತಗನ್ನಡಿಯನ್ನು ಷರಟಿನ ತುದಿಯಿಂದ ಒರೆಸತೊಡಗಿದರು. ಕೆಲಸ ಮುಗಿದ ಊರಿಗೆ ಯಾವ ಆಫೀಸರು ತಿರುಗಿ ಹೋಗುತ್ತಾನೆ? ಅದಕ್ಕೆ ಟಿ.ಎ. ಬಿಲ್ಲು ಕೊಡುವ ಪದ್ಧತಿ ಯಾವ ಇಲಾಖೆಯಲ್ಲಿದೆ? ನಾನೂ ಬಟ್ಟೆ ಬುಟ್ಟಿ ಎತ್ತಿಕೊಡುವ ನೆಪದಲ್ಲಿ ಅಲ್ಲಿಂದ ಜಾರಿದೆ.

ಆ ವಾರದಲ್ಲೇ ಅವರು ಒಂದು ಚೀಲ ಹಿಡಿದು ಮಡಿಕೇರಿ ಬಸ್ಸು ಹತ್ತಿದರು. ಎಲ್ಲಿಗೆ ಎಂದು ಕೇಳಿದ್ದಕ್ಕೆ “ಫೀಲ್ಡ್‌ಗೆ” ಎಂದರು. ಆ ವಯಸ್ಸಿನಲ್ಲಿ, ಆ ಮಂಡಿ ನೋವಿನಲ್ಲಿ, ಎರಡು ಮೂರು ಬಸ್ಸು ಬದಲಿಸಿ ಕಡಲ ತೀರದ ಆ ಊರಿಗೆ ಹೋದರು. ವಾಪಸು ಬಂದ ಮೇಲೆ ಕೆಲವು ದಿನ ಬೇಲಿಯ ಹತ್ತಿರವೇ ಸುಳಿಯಲಿಲ್ಲ. ನಾನೇ ಹೋಗಿ ಕೂತೆ.

“ಏನು ಸಾರ್, ಬೈದರಾ?”

“ಬೈದಿದ್ರೆ ಒಳ್ಳೇದಿತ್ತು. ಗುರುತು ಹಿಡಿದ್ರು. ಸಾರ್ ಬಂದ್ರು ಅಂತ ಚಾಪೆ ಹಾಸಿದ್ರು. ಮೀನು ಸಾರು ಮಾಡಿ ಊಟ ಹಾಕಿದ್ರು.”

ಉಳಿದದ್ದನ್ನು ನಾನೇ ಒಂದೊಂದಾಗಿ ಎಳೆಯಬೇಕಾಯಿತು. ಮರಳು ತೆಗೆದ ಮೇಲೆ ಕಡಲು ಒಳಗೆ ಬಂದಿದೆ. ಬಾವಿಯ ನೀರು ಉಪ್ಪಾಗಿದೆ. ತೆಂಗಿನ ಮರಗಳು ನಿಂತಿವೆ, ತಲೆ ಇಲ್ಲ. ಅರ್ಧ ಊರು ಬೇರೆ ಕಡೆ ಹೋಗಿದೆ.

“ಪರಿಹಾರ?”

“ಬಂತಂತೆ. ಅದರಲ್ಲಿ ಮನೆಗೊಂದು ಪ್ಲಾಸ್ಟಿಕ್ ಟ್ಯಾಂಕ್ ತಗೊಂಡಿದ್ದಾರೆ. ಲಾರೀಲಿ ಬರೋ ಕುಡಿಯೋ ನೀರು ತುಂಬಿಸಿಡಕ್ಕೆ.” ಆಮೇಲೆ ತಾವಾಗಿಯೇ ಹೇಳಿದರು. “ನಾನು ಹೋದ ದಿನ ಲಾರಿ ಬಂದಿರಲಿಲ್ಲ ಮಾಷ್ಟ್ರೇ. ಟ್ಯಾಂಕ್ ತಳಕ್ಕೆ ಹೋಗಿತ್ತು. ಆದ್ರೂ ನನಗೆ ಅಂತ ಒಂದು ಲೋಟ ನೀರು ಬೇರೆ ತೆಗೆದಿಟ್ಟಿದ್ರು. ಊಟ ಆಗೋ ತನಕ ಅದನ್ನ ಮುಚ್ಚಿಟ್ಟಿದ್ರು, ಮಕ್ಕಳು ಕುಡೀದ ಹಾಗೆ.”

ನನಗೆ ಅವರ ಮೇಲೆ ಬಹಳ ಸಿಟ್ಟು ಬಂತು. ಅಷ್ಟೇ ದುಃಖವೂ ಆಯಿತು. ಕೆಟ್ಟವರಾಗಿದ್ದರೆ ಸಿಟ್ಟೊಂದರಲ್ಲೇ ಮುಗಿಯುತ್ತಿತ್ತು. ಅವರು ಯಾರಿಗೂ ಕೆಟ್ಟದ್ದು ಬಯಸಿದವರಲ್ಲ, ಒಂದು ರೂಪಾಯಿ ಲಂಚ ಮುಟ್ಟಿದವರಲ್ಲ. ಒಳ್ಳೆಯ ಮಾತಾಡುವುದು ತನ್ನ ಕೆಲಸ, ಉಳಿದದ್ದು ಬೇರೆ ಡಿಪಾರ್ಟ್‌ಮೆಂಟು ಎಂದು ನಂಬಿದವರು. ಅಂಥವರೇ ನಾವೆಲ್ಲ. ನನ್ನ ಸ್ಕೂಟರು ಅಲ್ಲೇ ಅಂಗಳದಲ್ಲಿ ನಿಂತಿತ್ತು.

ಕೊನೆಯ ಮೀಟಿಂಗಿಗೆ ದೊಡ್ಡ ಆಫೀಸರುಗಳು ಬಂದರು. ಈ ಸಲ ಅಕ್ಕನ ಮನೆಯ ಅಂಗಳದಲ್ಲೇ, ಯಾಕೆಂದರೆ ಕೊರೆದು ನೋಡಬೇಕಾದ ಜಾಗ ಅದರ ಹಿಂದೆಯೇ ಇತ್ತು. ಪರದೆ ಕಟ್ಟಿ ಚಿತ್ರ ತೋರಿಸಿದರು. ಗಾಳಿಯಂತ್ರ, ಎಲೆಕ್ಟ್ರಿಕ್ ಕಾರು, ನಗುವ ಮಕ್ಕಳು. ನಮ್ಮ ಹುಡುಗರು ಘೋಷಣೆ ಕೂಗಿದರು. ತೋಟದಲ್ಲಿ ಲಾಭ ಕಾಣದೆ ಸೋತಿದ್ದ ಕೆಲವರು ಎಕರೆಗೆ ಎಷ್ಟು ಸಿಗಬಹುದು ಎಂದು ಮೆಲ್ಲಗೆ ವಿಚಾರಿಸಿದರು. ಗದ್ದಲ ಹೆಚ್ಚಾದಾಗ ದೊಡ್ಡ ಆಫೀಸರು ಜಾಣತನ ಮಾಡಿದರು. “ನಮ್ಮ ಇಲಾಖೆಯ ಹಿರಿಯರು, ನಿಮ್ಮದೇ ಊರಿನವರು, ಇಲ್ಲೇ ಇದ್ದಾರೆ. ಅವರೇ ಹೇಳಲಿ” ಎಂದರು.

ಅವರು ಎದ್ದರು. ಇಸ್ತ್ರಿ ಇಲ್ಲದ ಷರಟು.

“ಇದು ಬರೀ ಪರೀಕ್ಷೆ” ಎಂದರು.

ಹುಡುಗಿಯ ಮುಖದಲ್ಲಿ ನೆಮ್ಮದಿ ಕಂಡಿತು. ನಮ್ಮವರಲ್ಲೊಬ್ಬ ಕ್ಯಾಕರಿಸಿ ಉಗಿದ. ಎರಡನೆಯ ವಾಕ್ಯಕ್ಕೆ ಅವರು ಬಾಯಿ ತೆರೆದರು, ಮುಚ್ಚಿದರು. ಇನ್ನೊಮ್ಮೆ ತೆರೆದರು. ಮೂರು ವಾಕ್ಯದ ಮನುಷ್ಯನಿಗೆ ಅದರಲ್ಲೊಂದು ಹೊರಡದಿದ್ದರೆ ಬೇರೆ ಮಾತು ಎಲ್ಲಿಂದ ತರಬೇಕು? ನನಗೆ ಅವರ ಕೈ ಹಿಡಿದು ಕೂರಿಸೋಣ ಎನಿಸಿತು. ಅಷ್ಟರಲ್ಲಿ ಮಾತು ಬಂತು. ನಮ್ಮ ಕಡೆಗಲ್ಲ, ಅವರು ದೊಡ್ಡ ಆಫೀಸರನ್ನೇ ನೋಡಿ ಹೇಳಿದರು.

“ನಾನು ಏನೂ ಆಗುದಿಲ್ಲ ಅಂತ ಹೇಳಿದ ಊರಿಗೆ ಮೊನ್ನೆ ಹೋಗಿದ್ದೆ. ಅಲ್ಲಿ ನೀರಿಲ್ಲ. ನನಗೆ ಅಂತ ಒಂದು ಲೋಟ ತೆಗೆದಿಟ್ಟಿದ್ರು. ನೀವೂ ಎಲ್ಲ ಆದ್ಮೇಲೆ ಒಂದ್ಸಲ ಬರ್ತೀರಲ್ಲ, ನಿಮಗೆ ಅಂತ ನಾವೂ ತೆಗೆದಿಡ್ತೇವೆ. ಎಷ್ಟು ಜನ ಬರ್ತೀರಿ ಅಂತ ಈಗ್ಲೇ ಹೇಳಿದ್ರೆ ಒಳ್ಳೇದು.”

ಕೂತರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹುಡುಗರಿಗೆ ನಿರಾಸೆಯಾಯಿತು, ವಿಜ್ಞಾನದಿಂದ ಸೋಲಿಸುತ್ತಾರೆ ಎಂದುಕೊಂಡಿದ್ದರು. ದೊಡ್ಡ ಆಫೀಸರು ಪ್ರೊಜೆಕ್ಟರ್ ಆರಿಸಿ, ಸಲಹೆ ಸ್ವೀಕರಿಸಿದ್ದೇವೆ, ಮೇಲಿನವರು ತೀರ್ಮಾನಿಸುತ್ತಾರೆ ಎಂದು ಹೊರಟರು. ಆ ತೀರ್ಮಾನ ಇನ್ನೂ ಬಂದಿಲ್ಲ. ಆಫೀಸರ್ ಮಾವ ಅದಕ್ಕೆ ಕಾಯಲೂ ಇಲ್ಲ, ಈ ಮಳೆಗಾಲ ಮುಗಿಯುವ ಮುಂಚೆ ಹೋಗಿಬಿಟ್ಟರು.

ಆದರೆ ಆ ದಿನ ಎಲ್ಲರೂ ಏಳುವ ಹೊತ್ತಿಗೆ ಅಕ್ಕ ಒಳಗಿನಿಂದ ತಟ್ಟೆ ತುಂಬ ನೀರಿನ ಲೋಟ ಇಟ್ಟುಕೊಂಡು ಬಂದರು. ಬಿಸಿಲಲ್ಲಿ ಕೂತವರಿಗೆ ಬಾಯಾರಿಕೆಯಾಗಿರುತ್ತದೆ, ಅಷ್ಟೇ ಅವರಿಗೆ ಗೊತ್ತು. ತನ್ನ ತಮ್ಮ ಹೇಳಿದ ಮಾತಿನ ಜೊತೆ ಅದನ್ನು ಯಾರಾದರೂ ಸೇರಿಸಿ ನೋಡಬಹುದು ಎಂಬುದು ಅವರ ತಲೆಯಲ್ಲೇ ಇರಲಿಲ್ಲ. ದೊಡ್ಡ ಆಫೀಸರು ಬಾಟಲಿ ಇದೆ ಎಂದು ತೋರಿಸಿ ಜೀಪು ಹತ್ತಿದರು. ಹುಡುಗಿ ಲೋಟ ತೆಗೆದುಕೊಂಡಳು, ಕುಡಿಯಲೂ ಆಗದೆ ಇಡಲೂ ಆಗದೆ ನಿಂತಳು. ಅಕ್ಕ ಅವಳ ಬೆನ್ನು ಸವರಿ ಹೇಳಿದರು:

“ಕುಡಿ ಮಗ, ಕುಡಿ. ನೀರು ಈಗ ಉಟ್ಟಲ್ಲಾ.”